ಏಕಾದಶಿಯ ದಿನ ಓಡಿದ ಗಂಡ

ನೆಂಟರ ಮನೆಯ ಊಟದಲ್ಲಿ ಯಾರಾದರೂ ಇದನ್ನು ತಮಾಷೆಯ ಕಥೆ ಮಾಡಿ ಹೇಳಿ ನಕ್ಕರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ನಾವಾಗ ಮುಂಬಯಿಯ ಹತ್ತಿರದ ನೆರೂಳದಲ್ಲಿದ್ದೆವು. ಆಫೀಸಿನಲ್ಲಿ ಕೂತು ಕೂತು ಹೊಟ್ಟೆ ಬಂದಿದ್ದ ನನ್ನ ಗಂಡನಿಗೆ ನಲವತ್ತು ದಾಟಿದ ಮೇಲೆ ಓಟದ ಹುಚ್ಚು ಹಿಡಿಯಿತು. ಹಿಡಿಯಲಿ, ಒಳ್ಳೆಯದೇ. ಆದರೆ ಇವರು ಉಡುಪಿಯ ಮನೆತನದವರು, ಏಕಾದಶಿಯ ಉಪವಾಸ ತಪ್ಪಿಸುವವರಲ್ಲ. ಹಾಫ್ ಮ್ಯಾರಥಾನ್ ಬಂದದ್ದು ಸರಿಯಾಗಿ ಏಕಾದಶಿಯಂದು.

"ಓಡ್ಲೇಬೇಕಾದ್ರೆ ಉಪವಾಸ ಬಿಡಿ. ಉಪವಾಸವೇ ಬೇಕಾದ್ರೆ ಮನೇಲಿ ಕೂತ್ಕೊಳ್ಳಿ ಮಾರಾಯ್ರೆ" ಎಂದೆ.

"ನಿರ್ಜಲ ಮಾಡುದಿಲ್ಲ ಮಾರಾಯ್ತಿ, ನೀರು ಕುಡೀತೇನೆ. ಸಾಕಲ್ಲ?" ಎಂದರು, ದೊಡ್ಡ ಉಪಕಾರ ಮಾಡಿದವರ ಹಾಗೆ.

ಓಟದ ಗುಂಪಿನವರು ಎನರ್ಜಿ ಜೆಲ್ಲಿನ ಪೊಟ್ಟಣಗಳನ್ನೂ ನೀರಿಗೆ ಬೆರೆಸುವ ಎಲೆಕ್ಟ್ರೊಲೈಟ್ ಪುಡಿಯನ್ನೂ ಕೊಟ್ಟಿದ್ದರು. ಜೆಲ್ ಎಂದರೆ ಆಹಾರ, ಪುಡಿಯಲ್ಲಿ ಉಪ್ಪಿದೆ, ಎರಡೂ ಇವರಿಗೆ ನಿಷಿದ್ಧ. ದಾರಿಯಲ್ಲಿ ಸುಸ್ತಾದಾಗಲಾದರೂ ಬುದ್ಧಿ ಬಂದೀತೆಂದು ನಾನೇ ಅವನ್ನು ಸೊಂಟದ ಚೀಲಕ್ಕೆ ತುರುಕಿದೆ. ಎಲ್ಲಿಯ ಬುದ್ಧಿ! ಸಿಕ್ಕಿದ ಸ್ಟಾಲಿನಲ್ಲೆಲ್ಲ ನಿಂತು ಬರೀ ನೀರು ಕುಡಿದಿದ್ದಾರೆ.

ಓಟ ಮುಗಿಯುವಲ್ಲಿಗೆ ತೂರಾಡುತ್ತಾ ಬಂದು ಕುಸಿದರು. ವಾಂತಿ, ಅದರಲ್ಲೂ ಬರೀ ನೀರು. ಅಲ್ಲೇ ಕಾಯುತ್ತಿದ್ದ ನಾನು ಓಡಿ ಹೋಗಿ ಮುಖ ಹಿಡಿದರೆ ನನ್ನನ್ನೇ ದಿಟ್ಟಿಸಿ, "ನೀವು ಯಾರು?" ಎಂದರು.

"ಭಾಭೀ, ಪಾನಿ ಪಿಲಾವೋ, ಔರ್ ಪಾನಿ!" ಎಂದು ಗುಂಪಿನ ಕೋಚ್ ಬಾಟಲಿ ಹಿಡಿದು ಬಂದ.

ಕಾರುತ್ತಿರುವುದೇ ನೀರು, ಇನ್ನೂ ನೀರು ಕುಡಿಸುವುದೇ? "ಪಾನಿ ಬಸ್! ಆಂಬುಲೆನ್ಸ್ ಬುಲಾವೋ!" ಎಂದು ಕಿರುಚಿ ಬಾಟಲಿ ಕಿತ್ತೆಸೆದೆ.

ಬೆವರಿನಲ್ಲಿ ಉಪ್ಪು ಹೋಗಿದೆ, ಉಳಿದದ್ದನ್ನು ಕುಡಿದ ನೀರು ತೆಳುಮಾಡಿದೆ, ಮಿದುಳು ಬಾತಿದೆ, ಉಳಿಯುತ್ತಾರೆಂದು ಈಗಲೇ ಹೇಳಲಾರೆ ಎಂದರು ಆಸ್ಪತ್ರೆಯ ಡಾಕ್ಟರು. ಐಸಿಯುವಿನ ಹೊರಗೆ ಕೂತು ನಾನು ಇವರನ್ನು ಬೈದೆ, ಕೋಚನ್ನು ಬೈದೆ, ಪಂಚಾಂಗವನ್ನು ಬೈದೆ. ದೇವರನ್ನೂ ಬಿಡಲಿಲ್ಲ. ಅಳುತ್ತಲೇ ಬೈದೆ.

ಮರುದಿನ ಕಣ್ಣು ಬಿಟ್ಟು ನನ್ನ ಹೆಸರು ಹಿಡಿದು ಕರೆದರು. ಜೀವ ಬಂದಂತಾಯಿತು. ಆಮೇಲೆ ಕೈಗೆ ಚುಚ್ಚಿದ್ದ ಸಲೈನಿನ ನಳಿಕೆ ನೋಡಿ ಮೆಲ್ಲಗೆ ಕೇಳಿದರು: "ಇದು ನಿನ್ನೆಯೇ ಹಾಕಿದ್ದಾ? ಇದರಲ್ಲಿ ಉಪ್ಪು ಉಂಟಾ?"

"ಉಂಟು. ನಿಮ್ಮ ಏಕಾದಶಿ ಹಾಳಾಯ್ತು, ಅದಕ್ಕೇ ನೀವು ಬದುಕಿದ್ದು."

ಗೋಡೆಯ ಕಡೆ ತಿರುಗಿ ಅತ್ತರು, ವ್ರತ ಕೆಟ್ಟಿತಲ್ಲ ಎಂದು. ಆ ಬಾಗಿಲ ಹೊರಗೆ ನಾನು ಹೇಗೆ ಕೂತಿದ್ದೆ ಎಂದು ಇವತ್ತಿನವರೆಗೂ ಕೇಳಿಲ್ಲ.