ಕನಕಪುರದ ಮೇಡಂಗೆ ಬರೆದುಕೊಟ್ಟ ಹಾಳೆ

ಮೊಮ್ಮಕ್ಕಳೇ, ನೀವೆಲ್ಲ ಈಗ ದೊಡ್ಡವರು, ಕೆಲವರಿಗೆ ಮದುವೆಯೂ ಆಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳುವುದು ನನ್ನಿಂದಾಗದು.

ನಿಮ್ಮ ತಾತ ಹೋದ ಮೂರನೇ ವರ್ಷ ನಾನು ಕನಕಪುರದಲ್ಲಿ ನಿವೃತ್ತ ಸ್ಕೂಲ್ ಮೇಡಂ ಒಬ್ಬರ ಮನೆಗೆ ಅಡುಗೆಗೆ ಹೋಗುತ್ತಿದ್ದೆ. ಅವರು ಮದುವೆಯಾದವರಲ್ಲ. ಬಿಡುವಿನಲ್ಲಿ ನಾನು ಕಥೆ ಗೀಚುವುದು ಅವರಿಗೆ ಗೊತ್ತಿತ್ತು. ಒಂದು ದಿನ ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದಾಗ ಕೇಳಿದರು:

“ಗಂಡು ಹೆಣ್ಣು ಕೂಡೋದ್ನ ಒಂದು ಕಥೆ ಮಾಡಿ ನಂಗೆ ಬರ್ಕೊಡ್ತೀಯಾ? ಬರೆಯೋ ದಿನ ಅಡುಗೆ ನಾನೇ ಮಾಡಿ ನಿಂಗೆ ಬಡಿಸ್ತೀನಿ.”

ನಾನು ಕಾಳಿನ ಪಾತ್ರೆಗೆ ಸಿಪ್ಪೆ ಹಾಕಿದೆ. “ಥೂ, ಹೋಗಿ ಮೇಡಂ, ಈ ವಯಸ್ನಲ್ಲಿ!”

“ವಯಸ್ಸಿದ್ದಾಗ ಯಾರ್ನ ಕೇಳ್ಬೇಕಿತ್ತವ್ವ? ಮಗ್ಗಿ ಹೇಳ್ಕೊಡ್ತಾ ಕೂತಿದ್ದೆ.”

ಬರೆದೆ. ಓದಿ ಹಿಂದಕ್ಕೆ ಕೊಟ್ಟರು. “ಇವ್ನು ಸಿನ್ಮಾದೋನು ಕಣೆ. ಮೈಯಾಗೆ ಬೆವರೇ ಇಲ್ಲ. ನಿಜವಾದೋನ್ನ ಬರಿ.”

ನಿಜವಾದವರು ನನಗೆ ಗೊತ್ತಿದ್ದದ್ದು ಒಬ್ಬರೇ, ನಿಮ್ಮ ತಾತ. ನಮ್ಮ ಮನೆಯಲ್ಲಿ ರೇಷ್ಮೆಹುಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಏರುವವರೆಗೆ ಗಂಡ ಹೆಂಡತಿ ಸೇರುವಂತಿರಲಿಲ್ಲ. ಹುಳಕ್ಕೆ ಮೈಲಿಗೆ ಎಂದು ನಮ್ಮತ್ತೆಯ ಕಟ್ಟಳೆ. ಹುಳದ ತಟ್ಟೆಯ ಆ ಬದಿ ಅವರು, ಈ ಬದಿ ನಾನು ನಿಂತು ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದೆವು. ನನ್ನ ಕತ್ತಿನ ಬೆವರು ರವಿಕೆಯೊಳಗೆ ಇಳಿಯುವುದನ್ನು ಅವರು ನೋಡುತ್ತಿದ್ದರು, ಅಷ್ಟೇ. ಕೊನೆಯ ಹುಳುವನ್ನು ಚಂದ್ರಿಕೆಗೆ ಬಿಟ್ಟ ಮಧ್ಯಾಹ್ನ, ಸೊಪ್ಪಿನ ಸೊನೆಗೆ ಕಪ್ಪಾಗಿದ್ದ ಬೆರಳನ್ನು ಆ ಬೆವರಿನ ದಾರಿಯಲ್ಲೇ ಇಳಿಸಿದರು. ಅವಸರವೇ ಇರಲಿಲ್ಲ ಅವರಿಗೆ. ಅವಸರವೆಲ್ಲ ನನಗೇ. ಅದರಾಚೆಯದನ್ನೂ ಬರೆದೆ, ಬರೆಯುವಾಗ ನಾಚಿಕೆಯಾಗಲಿಲ್ಲ.

ಮೇಡಂ ಹಾಳೆಯನ್ನು ನನ್ನೆದುರೇ ಬಾಯಿಬಿಟ್ಟು ಓದಿದರು. ಬೆರಳು ಇಳಿಸಿದ ಸಾಲಿಗೆ ಬಂದು ನಿಂತರು. ಮತ್ತೆ ಓದಿದರು. ಮತ್ತೊಂದು ಸಲ, ಕಣ್ಣು ಮುಚ್ಚಿಕೊಂಡು. ಅಷ್ಟರಲ್ಲಿ ಬಾಯಿಪಾಠವಾಗಿತ್ತು. ನನಗೆ ಹೊಟ್ಟೆ ಉರಿಯಿತು. ಸತ್ತ ಗಂಡನಿಗಾಗಿ, ಅವರನ್ನು ಕಣ್ಣಲ್ಲಿ ಕಂಡಿರದ ಹೆಂಗಸಿನ ಮೇಲೆ ಅಷ್ಟು ಹೊಟ್ಟೆಕಿಚ್ಚು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

“ಅದ್ನ ಕೊಟ್ಬುಡಿ ಮೇಡಂ. ಬೇರೆ ಬರ್ಕೊಡ್ತೀನಿ.”

“ಯಾಕೆ? ನಿಮ್ಮೋರಾ?”

ನಾನು ಹಾಳೆಗೆ ಕೈ ಚಾಚಿದೆ.

“ಒಸಿ ದಿನ ನನ್ತಾವ ಇರ್ಲಿ ಬುಡೆ,” ಎಂದು ಹಾಳೆಯನ್ನು ಮಡಿಲಲ್ಲಿ ಹಿಡಿದುಕೊಂಡರು. “ನಿಂತಾವ ಅಷ್ಟು ವರ್ಷ ಇದ್ರಲ್ಲ.”

ಕಿತ್ತುಕೊಳ್ಳಲು ಕೈ ಬರಲಿಲ್ಲ. ಅಲ್ಲೇ ಬಿಟ್ಟು ಬಸ್ಸು ಹತ್ತಿದೆ. ಅವರಿಗೆ ಹೇಳಬೇಕಾಗಿದ್ದ ಮಾತು ಊರು ಹತ್ತಿರವಾದ ಮೇಲೆ ಬಾಯಿಗೆ ಬಂತು. ಇದ್ದರು ಮೇಡಂ, ನಿಜ. ನನಗೂ ಸಾಲಲಿಲ್ಲ.