ಬರಿಗೈ ಕಚ್ಚಿದ ಗಿಳಿಮರಿ

ಯುದ್ಧದ ಕಾಲದಲ್ಲಿ ಹೊಳೆನರಸೀಪುರದ ನಮ್ಮ ಪಕ್ಕದ ಮನೆಯಾಕೆ ಒಂದು ಗಿಳಿಮರಿ ಸಾಕಿದ್ದರು. ಬಳೆ ತುಂಬಿದ ಕೈಯನ್ನು ಪಂಜರದೊಳಗಿಟ್ಟು "ಬಾ ಕೂಸೇ" ಅಂದರೆ ಸಾಕು, ಬೆರಳೇರಿ ಕೂರುತ್ತಿತ್ತು. ಗಂಡ ತೀರಿಕೊಂಡರು, ಆಕೆಯ ಬಳೆ ಒಡೆಸಿದರು. ಅದಾದ ಮೇಲೆ "ಬಾ ಕೂಸೇ" ಎಂದು ಕೈಯಿಟ್ಟರೆ ಗಿಳಿ ಕಿರುಚಿ ರಕ್ತ ಬರುವಂತೆ ಕಚ್ಚಿತು. ಕಾಳನ್ನೂ ಮುಟ್ಟಲಿಲ್ಲ.

"ಪಂಜ್ರದಾಗೆ ಏನಾರ ಚುಚ್ತದೇನೋ ನೋಡಪ್ಪ" ಎಂದು ನನ್ನನ್ನು ಕರೆದರು. ಅದು ನಾನು ಮಾಡಿಕೊಟ್ಟ ಪಂಜರ. ತಂತಿಯೆಲ್ಲ ತಡವಿದೆ, ಒಂದು ಐಬೂ ಇರಲಿಲ್ಲ. ಜೊತೆಗೆ ಬಂದಿದ್ದ ನನ್ನ ಹೆಂಡತಿ ಸುಮ್ಮನೆ ಕೈ ಚಾಚಿದಳು. ಅವಳ ಬಳೆ ಸದ್ದಾಗುತ್ತಲೇ ಗಿಳಿ ಓಡಿಬಂದು ಬೆರಳ ಮೇಲೆ ಕೂತಿತು.

ಆಕೆ ಅದನ್ನೇ ನೋಡುತ್ತ ನಿಂತರು. "ನೀನೇ ಮಡಿಕ್ಕೊ ಕಣವ್ವ. ಉಪಾಸ ಬಿದ್ದು ಸತ್ತೋದಾತು" ಎಂದು ನೆನೆಸಿದ ಕಡಲೆಯನ್ನು ಅವಳ ಕೈಗೆ ಸುರಿದು, ಗಾಯದ ಬೆರಳಿಗೆ ಸೆರಗು ಸುತ್ತಿಕೊಂಡು ಒಳಗೆ ಹೋದರು.