ಸಾವಿನ ಮನೆಯಲ್ಲಿ ಹೇಳಬಾರದ ಮಾತು

ಮಲ್ಲತ್ತಹಳ್ಳಿಯಿಂದ ಸೊಪ್ಪಿನ ಕುಕ್ಕೆ ಹೊತ್ತು ನಡೆದೇ ರಾಜಾಜಿನಗರಕ್ಕೆ ಬರುತ್ತಿದ್ದ ಮುದುಕ ಚಿಕ್ಕಹನುಮಯ್ಯನಿಗೆ ಗೊತ್ತಿದ್ದ ಮಾತೇ ಮೂರೋ ನಾಲ್ಕೋ. “ಸೊಪ್ಪಮ್ಮಾ” ಎಂದು ಕೂಗುವುದು, ಬೆಲೆ ಹೇಳುವುದು, ಹೊರಡುವಾಗ “ನಾಳೆ ಬರ್ತೀನಿ ತಾಯಿ” ಅನ್ನುವುದು. ಚೌಕಾಸಿ ಮಾಡಿದರೆ ನಕ್ಕು ಇನ್ನೊಂದು ಕಟ್ಟು ಹಾಕಿಬಿಡುತ್ತಿದ್ದ. ಅಂಥವನ ಹತ್ತಿರ ಜಗಳವಾಡುವುದಾದರೂ ಹೇಗೆ?

ಐವತ್ತೇಳನೇ ಇಸವಿಯಲ್ಲಿ ನಮ್ಮ ಪಕ್ಕದ ಮನೆಗೆ ಧಾರವಾಡದ ಕಡೆಯಿಂದ ವರ್ಗವಾಗಿ ಬಂದವರು ಗುಮಾಸ್ತ ಗುರುಸಿದ್ದಯ್ಯ ಮತ್ತು ಅವರ ಹೆಂಡತಿ ಶಾಂತವ್ವ. ಏಳು ವರ್ಷದ ಅವರ ಒಬ್ಬಳೇ ಮಗಳಿಗೆ ಚಿಕ್ಕಹನುಮಯ್ಯ ದಿನಾ ಒಂದು ಎಳೆ ಮೂಲಂಗಿ ಕೊಡುತ್ತಿದ್ದ. ಆ ಮಗು ನಾಲ್ಕೇ ದಿನದ ಜ್ವರಕ್ಕೆ ಹೋಗಿಬಿಟ್ಟಿತು.

ಬೀದಿಯ ಹೆಂಗಸರೆಲ್ಲ ಹೋದೆವು. “ದೇವರಿಗೆ ಬೇಕಾಗಿತ್ತು” ಅಂದರು ಒಬ್ಬರು. ನಾನು, ನನ್ನ ಬಾಯಿಗಿಷ್ಟು ಮಣ್ಣು ಹಾಕ, “ಇನ್ನೂ ವಯಸ್ಸಿದೆ ಶಾಂತವ್ವ, ಇನ್ನೊಂದು ಆಗುತ್ತೆ” ಅಂದೆ. ಅವಳು ಗೋಡೆ ನೋಡುತ್ತ ಕೂತಿದ್ದಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಚಿಕ್ಕಹನುಮಯ್ಯ ಬಾಗಿಲ ಹೊರಗೆ ಕುಕ್ಕೆ ಇಳಿಸಿ ಬಹಳ ಹೊತ್ತು ಕೂತ. ಎದ್ದವನು, ಅಭ್ಯಾಸಬಲದಿಂದ, “ನಾಳೆ ಬರ್ತೀನಿ ತಾಯಿ” ಅಂದುಬಿಟ್ಟ.

ಸಾವಿನ ಮನೆಯಿಂದ ಹೇಳದೆ ಎದ್ದು ಹೋಗಬೇಕು. ಬರ್ತೀನಿ ಅಂದರೆ ಇನ್ನೊಂದು ಸಾವನ್ನು ಕರೆದಂತೆ ಎಂಬುದು ನಮ್ಮವರ ಭಯ. ನಾನು ಬೀದಿಯಲ್ಲೇ ಅವನನ್ನು ತಡೆದು ಬೈದೆ.

“ಏನಯ್ಯ, ತಲೆ ನೆಟ್ಟಗಿದೆಯಾ ನಿಂಗೆ? ಇನ್ನೂ ಯಾರು ಸಾಯ್ಬೇಕು ಆ ಮನೇಲಿ?”

ಅವನ ಮುಖ ಕಪ್ಪಿಟ್ಟಿತು. “ಬಾಯಿತಪ್ಪಿ ಬಂತಮ್ಮ,” ಅಂದ. ಮಾರನೆಯ ದಿನದಿಂದ ನಮ್ಮ ಬೀದಿಗೇ ಬರಲಿಲ್ಲ.

ಹತ್ತನೆಯ ದಿನ ಶಾಂತವ್ವ ಬಾಗಿಲಲ್ಲಿ ನಿಂತು ನನ್ನನ್ನು ಕರೆದಳು.

“ವೆಂಕಟಲಕ್ಷ್ಮಮ್ಮಾರ, ಸೊಪ್ಪಿನ ಅಜ್ಜಾರು ಯಾಕ ಬರವಲ್ರು? ದಿನಾ ಬಾಗಲಕ್ಕ ಬಂದು ನೋಡ್ತೀನ್ರಿ. ನೀವೆಲ್ಲಾರೂ ಹೇಳದ ಎದ್ದು ಹೋದ್ರಿ. ಬರ್ತೀನಿ ಅಂದವರು ಅವರೊಬ್ಬರ.”

ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ. ಮರುದಿನ ಬೆಳಗ್ಗೆ ಮಾಗಡಿ ರಸ್ತೆಯಲ್ಲಿ ಕಾದು ನಿಂತು ಅವನನ್ನು ಹಿಡಿದು ಕರೆತಂದೆ. “ಆ ತಾಯಿಗೆ ನಾನೇನಂತ ಹೇಳ್ಲಮ್ಮ?” ಎಂದು ದಾರಿಯುದ್ದಕ್ಕೂ ಕೇಳಿದ.

ಶಾಂತವ್ವನ ಬಾಗಿಲಲ್ಲಿ ಕೂತು ಒಂದು ಕಟ್ಟು ಹರಿವೆ ತೆಗೆದಿಟ್ಟ. ಅದರ ಮೇಲೆ ಅವನ ಕೈ ತಾನಾಗಿಯೇ ಒಂದು ಎಳೆ ಮೂಲಂಗಿ ಇಟ್ಟಿತು. ಗಾಬರಿಯಾಗಿ ತೆಗೆಯಹೋದ. ಅಷ್ಟರಲ್ಲಿ ಶಾಂತವ್ವ ಅದನ್ನು ಮಡಿಲಿಗೆ ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವನೂ ಅತ್ತ.

ಹೊರಡುವಾಗ ಅವನು ಬಾಯಿ ತೆರೆದವನು ನನ್ನ ಮುಖ ನೋಡಿ ಸುಮ್ಮನಾದ.

“ಹೇಳಿ ಹೋಗಯ್ಯ,” ಅಂದೆ.